ಒಲೆ ಆರಿಸಲು ಬಂದವರು ಊಟ ಹಾಕಿದರಂತೆ!

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಗೆ ನೀರು ನುಗ್ಗಿದ ಬಗ್ಗೆ ನಿನ್ನೆ ಬಂದ ವರದಿಯ ಕೊನೆಯ ಸಾಲು ಓದಿ ಮೈ ಉರಿಯಿತು. ಅಧಿಕಾರಿಗಳು ನಿವಾಸಿಗಳಿಗೆ ಊಟದ ವ್ಯವಸ್ಥೆ ಮಾಡಿದರಂತೆ. ಯಾವ ಅಧಿಕಾರಿ? ಯಾವ ಊಟ? ಬೆಳಿಗ್ಗೆ ನಮಗೆ ಬಿಸಿ ಉಪ್ಪಿಟ್ಟು ಕೊಟ್ಟವರು ಗಣೇಶನ ಗುಡಿಯ ಭಜನಾ ಮಂಡಳಿಯ ಹೆಂಗಸರು. ಮಧ್ಯಾಹ್ನದ ಅಡುಗೆಗೆ ದೊಡ್ಡ ಪಾತ್ರೆ, ಗ್ಯಾಸ್ ಒಲೆ ಹೊತ್ತು ತಂದವರು ಹಿಂದಿನ ರಸ್ತೆಯ ಮಸೀದಿಯ ಹುಡುಗರು.

ನಮ್ಮದು ನೆಲಮಹಡಿ ಮನೆ. ಸಂಪ್‌ಗೆ ಮೋರಿ ನೀರು ಸೇರಿತು, ಮೋಟರ್ ಸುಟ್ಟಿತು, ಮೂಟೆ ಅಕ್ಕಿ ನೆನೆದುಹೋಯಿತು. ಕರೆಂಟ್ ಇಲ್ಲ, ಫ್ರಿಜ್‌ನಲ್ಲಿ ಅಮ್ಮನ ಇನ್ಸುಲಿನ್. ಸಹಾಯವಾಣಿಗೆ ಫೋನ್ ಮಾಡಿದರೆ ಬರೀ ಹಾಡು. ಕೊನೆಗೆ ಮಸೀದಿಯ ಹುಡುಗನೊಬ್ಬ ಸೊಂಟದ ಮಟ್ಟದ ನೀರಿನಲ್ಲೇ ಬಂದ. ಸ್ಟೀಲ್ ಡಬ್ಬಿಯಲ್ಲಿ ಐಸ್ ತಂದಿದ್ದ. ಇನ್ಸುಲಿನ್ ಬಾಟಲಿಗೆ ಐಸ್ ತಾಗದಂತೆ ಟವೆಲ್ ಸುತ್ತಿ ಇಟ್ಟುಕೊಂಡ. ಇನ್ನಿಬ್ಬರು ಅಮ್ಮನನ್ನು ಕುರ್ಚಿ ಸಮೇತ ಎತ್ತಿ ಗುಡಿಯ ಜಗಲಿಗೆ ಮುಟ್ಟಿಸಿದರು. ನೆರೆಯವನು ಹಸಿದಿರುವಾಗ ಹೊಟ್ಟೆ ತುಂಬಾ ಉಣ್ಣುವವನು ನಿಜವಾದ ವಿಶ್ವಾಸಿಯಲ್ಲ ಅನ್ನುವುದು ಪ್ರವಾದಿಯವರ ಮಾತು. ಆ ಹುಡುಗರು ಅದನ್ನು ಭಾಷಣದಲ್ಲಿ ಹೇಳಲಿಲ್ಲ, ಮಾಡಿ ತೋರಿಸಿದರು.

ಅಷ್ಟರಲ್ಲಿ ಜೀಪು ಬಂತು. ಎಷ್ಟು ಮನೆಗೆ ನೀರು ನುಗ್ಗಿದೆ ಅಂತ ಸಾಹೇಬರು ಕೇಳಲಿಲ್ಲ. ಇಲ್ಲಿ ಅಡುಗೆ ಮಾಡಲು ಪರ್ಮಿಷನ್ ಕೊಟ್ಟವರು ಯಾರು ಅಂತ ಕೇಳಿದರು. ಒಲೆ ಆರಿಸಿ, ಇಲ್ಲದಿದ್ದರೆ ಕೇಸ್ ಹಾಕುತ್ತೇವೆ ಅಂದರು. ಅನ್ನ ಅರ್ಧ ಬೆಂದಿತ್ತು. ಮಕ್ಕಳು ತಟ್ಟೆ ಹಿಡಿದು ಸುಮ್ನೆ ನಿಂತಿದ್ದವು. ಸರ್ಕಾರಿ ಪೊಟ್ಟಣ ಬಂದದ್ದು ಸಂಜೆಗೆ, ತಣ್ಣಗಾಗಿ, ಜೊತೆಗೆ ಫೋಟೋ ತೆಗೆಯುವವರು ಬೇರೆ. ನೀವು ಹಾಕಿರುವುದು ಅದೇ ಫೋಟೋ.

ಬಸವಣ್ಣನವರ ಕಾಲದಿಂದ ದಾಸೋಹ ನಡೆದುಬಂದ ನಾಡು ಇದು. ಸಿದ್ಧಗಂಗೆಯಲ್ಲಿ ಇವತ್ತಿಗೂ ಸಾವಿರಾರು ಮಕ್ಕಳು ಉಣ್ಣುತ್ತಾರೆ. 2021ರ ಕೋವಿಡ್ ಅಲೆಯಲ್ಲಿ ಎಷ್ಟೋ ಮನೆಯವರೇ ಹೆಣ ಮುಟ್ಟಲು ಹೆದರಿದಾಗ, ಇದೇ ಬೆಂಗಳೂರಿನಲ್ಲಿ ಮುಸ್ಲಿಂ ಯುವಕರು ಜಾತಿ, ಧರ್ಮ ನೋಡದೆ ಅಂತ್ಯಸಂಸ್ಕಾರ ಮಾಡಿದರು. ಇಂಥವರ ಹತ್ತಿರ ಈಗ ಪರ್ಮಿಷನ್ ಕೇಳುತ್ತಾರೆ!

ಕೇಳಬೇಕಾದ್ದು ಮಳೆನೀರು ಹರಿಯುವ ರಾಜಕಾಲುವೆ ಮೇಲೆ ಕಟ್ಟಡ ಎಬ್ಬಿಸಿದವರನ್ನು ಅಲ್ವಾ? 2016ರಲ್ಲಿ ಜೆಸಿಬಿ ತಂದರು. 2022ರಲ್ಲಿ ಹೊರವರ್ತುಲ ರಸ್ತೆ ಮುಳುಗಿದಾಗ ಮತ್ತೆ ತಂದರು. ಒಂದಷ್ಟು ಗೋಡೆ ಒಡೆದರು, ಆಮೇಲೆ ಎಲ್ಲ ತಣ್ಣಗಾಯಿತು. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸಲಿಲ್ಲ. ಕಾರ್ಪೊರೇಟರ್ ಇಲ್ಲದ ಜನ ಯಾರ ಬಾಗಿಲು ತಟ್ಟಬೇಕಿತ್ತು? ನಮ್ಮ ಮೋರಿಯ ಹೂಳು ತೆಗೆದು ರಸ್ತೆ ಬದಿಗೆ ಹಾಕಿದರು. ಅದು ಮಳೆಗೆ ಮತ್ತೆ ಮೋರಿಗೇ ಇಳಿಯಿತು.

ಆ ಸಾಹೇಬರು ಬಂದು ಮಂಡಳಿಯ ಹೆಂಗಸರ ಕ್ಷಮೆ ಕೇಳಲಿ. ಹುಡುಗರ ಮೇಲೆ ಕೇಸ್ ಅನ್ನುವ ಮಾತು ಬಿಡಲಿ. ಕಾಲುವೆ ಬಿಡಿಸಲಿ, ಹೂಳಾದರೂ ತೆಗೆಯಲಿ, ಏನಾದರೂ ಒಂದು ಮಾಡಲಿ. ತಾವೂ ಮಾಡುವುದಿಲ್ಲ, ಮಾಡುವವರನ್ನೂ ಬಿಡುವುದಿಲ್ಲ. ಇವರಿಗೆ ಸಂಬಳ ಬೇರೆ ಕೇಡು.

— ನೊಂದ ನಿವಾಸಿ, ಬೆಂಗಳೂರು