ಮಗಳಿಗೊಂದು ಪತ್ರ: ಹಳದಿ ಗೋಪುರದ ಕಿಟಕಿ

ಪುಟ್ಟಿ,

ಊರಿಗೆ ಬಂದು ಇವತ್ತಿಗೆ ಒಂಬತ್ತು ದಿನ. ಇಷ್ಟರಲ್ಲಿ ನೀನು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಅಮ್ಮನ ಮಂಡಿನೋವು, ನಿನ್ನ ಪರೀಕ್ಷೆ, ಶಿವಮೊಗ್ಗದ ಮಳೆ, ಇಷ್ಟೇ ಮಾತು. ಆಮೇಲೆ ನೀನು "ಸರಿ ಅಪ್ಪ, ಇಡ್ಲಾ?" ಅನ್ನುತ್ತೀಯ. ನಾನು "ಹೂಂ ಪುಟ್ಟಿ" ಅನ್ನುತ್ತೇನೆ. ಇಟ್ಟ ಮೇಲೆ ಹೇಳಬೇಕಾದ ಮಾತು ಹಾಗೇ ಗಂಟಲಲ್ಲಿ ಉಳಿದಿರುತ್ತದೆ. ಅದಕ್ಕೇ ಕಾಗದ ಬರೆಯಲು ಕೂತೆ. ಅಂಗಡಿಯ ಷಟರ್ ಅರ್ಧ ಎಳೆದಿದ್ದೇನೆ. ಯಾರೂ ಬರುವುದಿಲ್ಲ.

ಸೇತುವೆಯ ಮೇಲೆ ನಾವಿಬ್ಬರೂ ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ನಿನಗೆ ನೆನಪಿದೆ, ನನಗೂ ನೆನಪಿದೆ. ನನ್ನನ್ನು ಕಾಡುತ್ತಿರುವುದು ಅದಕ್ಕಿಂತ ಒಂದು ಗಂಟೆ ಮೊದಲಿನದು. ಆ ಹಳದಿ ಗೋಪುರದ್ದು.

ಅಲ್ಲಿಗೆ ಹೋಗುವ ತನಕ ನಾನು ಎಷ್ಟು ಖುಷಿಯಾಗಿದ್ದೆ ಗೊತ್ತಾ? ಹನ್ನೆರಡು ದಿನ ನೀನು ನನಗೆ ಜರ್ಮನಿಯ ಆ ಟ್ಯೂಬಿಂಗೆನ್ ಊರನ್ನೆಲ್ಲ ಸುತ್ತಿಸಿದೆ. ಚೌಕದ ಹಳೇ ಪುರಭವನ, ಅದರ ನೆತ್ತಿಯ ಮೇಲಿನ 1511ರ ಗಡಿಯಾರ, ಉದ್ದನೆಯ ಗಳು ಊರಿ ನೂಕುವ ದೋಣಿ, ಎಲ್ಲವನ್ನೂ ಅಮ್ಮನಿಗೆ ವರದಿ ಮಾಡಿದ್ದಾಯಿತು. ದೋಣಿ ಪಂದ್ಯದಲ್ಲಿ ಸೋತವರು ಮೀನೆಣ್ಣೆ ಕುಡಿಯಬೇಕು ಅಂದರೆ ಅವಳು ನಂಬಲೇ ಇಲ್ಲ. ಕೋಟೆಯ ಮ್ಯೂಸಿಯಂನಲ್ಲಿ ನೋಡಿದ ದಂತದ ಕುದುರೆಯ ಅಳತೆಯನ್ನು ಬೆರಳಿನಲ್ಲೇ ತೋರಿಸಿದೆ. ಐದು ಸೆಂಟಿಮೀಟರ್ ಕೂಡ ಇಲ್ಲ, ಸುಮಾರು 40,000 ವರ್ಷ ಹಳೆಯದು. ಕುತ್ತಿಗೆಯ ಬಾಗು ಮಾತ್ರ ಈಗ ತಾನೇ ಕೆತ್ತಿಟ್ಟ ಹಾಗೆ.

ಕೋಟೆಯ ಅಡುಗೆಮನೆಯ ಕತೆಯನ್ನಂತೂ ಅವಳಿಗೆ ಎರಡು ಸಲ ಹೇಳಿದೆ. ಕಮಾನು ಛಾವಣಿಯ ಆ ಕೋಣೆಯಲ್ಲಿ ನೀನು ನಿಂತು ಹೇಳಿದ್ದು ನನ್ನ ಕಿವಿಯಲ್ಲಿದೆ. 1869ರಲ್ಲಿ ಮೀಷರ್ ಎಂಬ ಸ್ವಿಟ್ಜರ್‌ಲೆಂಡಿನ ಹುಡುಗ ಆಸ್ಪತ್ರೆಯಿಂದ ಗಾಯಕ್ಕೆ ಕಟ್ಟಿ ಬಿಚ್ಚಿದ ಬಟ್ಟೆಗಳನ್ನು ತರಿಸಿಕೊಂಡನಂತೆ. ಅದರ ಕೀವನ್ನು ತೊಳೆದು, ಕೀವಿನ ಜೀವಕೋಶಗಳ ಒಳಗಿನಿಂದ ಯಾರೂ ನೋಡಿರದ ಒಂದು ಪದಾರ್ಥವನ್ನು ಬೇರೆ ಮಾಡಿದನಂತೆ. ಅದನ್ನೇ ಈಗ ಡಿಎನ್‌ಎ ಅನ್ನುವುದು ಎಂದೆ. ನನಗೆ ಅರ್ಥವಾಗಲಿ ಅಂತ ಹುಡುಕಿ ಹುಡುಕಿ ಕನ್ನಡ ಪದ ಜೋಡಿಸುತ್ತಿದ್ದೆ. ಇಬ್ಬರು ವಿದ್ಯಾರ್ಥಿಗಳು ಪಕ್ಕದಲ್ಲಿ ನಿಂತು, ಭಾಷೆ ತಿಳಿಯದಿದ್ದರೂ ನಿನ್ನ ಮುಖವನ್ನೇ ನೋಡುತ್ತಿದ್ದರು. ಬೈಂಡಿಂಗ್ ಅಂಗಡಿಯ ಮೂಲೆಯಲ್ಲಿ ರಟ್ಟಿನ ಚೂರುಗಳ ಮೇಲೆ ಅಕ್ಷರ ಕಲಿತ ಹುಡುಗಿ ನೀನು. ಆ ಕ್ಷಣ ನನಗೆ ಬೇರೇನೂ ಬೇಡವಾಗಿತ್ತು.

ಕಿಟ್ಟೆಲ್ ವಿಷಯಕ್ಕೂ ನೀನು ಬೇಜಾರು ಮಾಡಿಕೊಳ್ಳಲಿಲ್ಲ. "ಆ ಮನುಷ್ಯ ಓಡಾಡಿದ ಬೀದಿ ಯಾವುದು?" ಅಂತ ಎಷ್ಟು ಸಲ ಕೇಳಿದೆನೋ. ಅವರ ನಿಘಂಟನ್ನು ನಾನು ಎರಡು ಸಲ ರಿಪೇರಿ ಮಾಡಿದ್ದೇನೆ, ಒಂದು ಕಾಲೇಜಿನ ಲೈಬ್ರರಿಗೆ. ಒಂದೂವರೆ ಸಾವಿರಕ್ಕಿಂತ ಜಾಸ್ತಿ ಪುಟ. ಬೆನ್ನು ಬಿಟ್ಟುಹೋಗಿತ್ತು. ಫಾರಂ ಫಾರಂ ಬಿಡಿಸಿ ಮತ್ತೆ ಹೊಲಿಯಲು ನಾಲ್ಕು ದಿನ ಹಿಡಿಯಿತು. ಒಬ್ಬ ಮನುಷ್ಯ ಇಷ್ಟು ಪದ ಹೇಗೆ ಕೂಡಿಹಾಕಿದ ಅಂತ ಹೊಲಿಯುವಾಗಲೆಲ್ಲ ಅನ್ನಿಸುತ್ತಿತ್ತು. 1894ರಲ್ಲಿ ಆ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಎರಡು ವರ್ಷದ ಮೇಲೆ ಅದಕ್ಕಾಗಿ ಅವರಿಗೆ ಡಾಕ್ಟರೇಟ್ ಕೊಟ್ಟದ್ದು ನೀನು ಓದುತ್ತಿರುವ ಇದೇ ವಿಶ್ವವಿದ್ಯಾಲಯ. ಕೊನೆಗಾಲದಲ್ಲಿ ಅವರು ಅಲ್ಲೇ ಇದ್ದು, ಕನ್ನಡ ವ್ಯಾಕರಣ ಮುಗಿಸಿ, ಅದು ಅಚ್ಚಾದ 1903ರಲ್ಲೇ ಅಲ್ಲೇ ತೀರಿಕೊಂಡರು. ಕನ್ನಡ ಮಾತಾಡುವವರು ಯಾರೂ ಇಲ್ಲದ ಊರಲ್ಲಿ ಕೂತು ಕನ್ನಡದ ಬಗ್ಗೆ ಬರೆಯುತ್ತಿದ್ದ ಮುದುಕ. ಆಗ ನನಗೆ ಇದು ಬರೀ ಹೆಮ್ಮೆಯ ಸಂಗತಿ ಆಗಿತ್ತು. ಈಗ ಯೋಚಿಸಿದರೆ, ತಲೆಯೊಳಗೆ ಒಂದು ಭಾಷೆ ತುಂಬಿಕೊಂಡು ಅದನ್ನು ಆಡಲು ಜನ ಇಲ್ಲದೆ ಸಂಜೆಗಳನ್ನು ಹೇಗೆ ಕಳೆದರೋ ಅನ್ನಿಸುತ್ತದೆ.

ಇನ್ನು ಗೋಪುರ.

ನದಿಗೆ ಆತುಕೊಂಡು ನಿಂತ ದುಂಡನೆಯ ಹಳದಿ ಮನೆ. ಸೇತುವೆಯಿಂದ ನೋಡಿ ಚೆಂದ ಇದೆ ಅಂತ ನಾನೇ ಒಳಗೆ ಹೋಗೋಣ ಅಂದೆ. ನಿನಗೆ ಅಷ್ಟು ಮನಸ್ಸಿರಲಿಲ್ಲ. ಈಗ ಯಾಕೆ ಅಂತ ಗೊತ್ತಾಗುತ್ತಿದೆ. ಹೋಲ್ಡರ್‌ಲಿನ್ ಎಂಬ ಕವಿ, ಅದೇ ಊರಲ್ಲಿ ಓದಿದವನು, ಮನಸ್ಸು ಕೆಟ್ಟು ಅಲ್ಲಿಯ ಆಸ್ಪತ್ರೆ ಸೇರಿದ. 1807ರಲ್ಲಿ, ಇವನು ವಾಸಿಯಾಗುವುದಿಲ್ಲ, ಹೆಚ್ಚೆಂದರೆ ಮೂರು ವರ್ಷ ಬದುಕುತ್ತಾನೆ ಅಂತ ಹೊರಗೆ ಕಳಿಸಿದರು. ಅವನ ಕಾದಂಬರಿ ಓದಿ ಮೆಚ್ಚಿದ್ದ ಜಿಮ್ಮರ್ ಎಂಬ ಬಡಗಿ ತನ್ನ ಮನೆಗೆ ಕರೆದುಕೊಂಡು ಬಂದ. ಮೂರಲ್ಲ, 36 ವರ್ಷ ಆ ಕೋಣೆಯಲ್ಲಿದ್ದ. ಬದುಕಿದ್ದು 73 ವರ್ಷ. ಹತ್ತಿರ ಹತ್ತಿರ ಅರ್ಧ ಆಯುಸ್ಸು. ಬಡಗಿ ಸತ್ತ ಮೇಲೆ ಬಡಗಿಯ ಮಗಳು ನೋಡಿಕೊಂಡಳು.

ಇದನ್ನೆಲ್ಲ ನೀನು ಗೈಡ್ ಥರ ಹೇಳುತ್ತಾ ಹೋದೆ. ಈ ಗೋಪುರ 1875ರಲ್ಲಿ ಸುಟ್ಟುಹೋಗಿ ಮತ್ತೆ ಕಟ್ಟಿದ್ದು, ಅವನು ಮುಟ್ಟಿದ ಗೋಡೆ ಇದಲ್ಲ ಅಂತಲೂ ಹೇಳಿದೆ. ಆಮೇಲೆ ಕಿಟಕಿಯ ಹತ್ತಿರ ಹೋಗಿ ನದಿಯ ಕಡೆ ಮುಖ ಮಾಡಿ ನಿಂತೆ. ಅವನ ಅಮ್ಮ ಇದ್ದಿದ್ದು 30 ಕಿಲೋಮೀಟರ್ ಆಚೆ, ನ್ಯೂರ್ಟಿಂಗೆನ್‌ನಲ್ಲಿ, ಅವಳು ಸತ್ತಿದ್ದು 1828ರಲ್ಲಿ, ಒಂದು ಸಲವೂ ನೋಡಲು ಬರಲಿಲ್ಲ ಎಂದೆ. ನಾನು ಲೆಕ್ಕ ಹಾಕಿದೆ. 21 ವರ್ಷ. ಮೂವತ್ತು ಕಿಲೋಮೀಟರ್ ಅಂದರೆ ನಮ್ಮಲ್ಲಿಂದ ತೀರ್ಥಹಳ್ಳಿಗೆ ಅರ್ಧ ದಾರಿ. "ಎಂಥ ತಾಯಿ!" ಅಂದೆ ನಾನು. ಜೋರಾಗೇ ಅಂದೆ.

ನೀನು ತಿರುಗಲಿಲ್ಲ. ಅವನು ಅಮ್ಮನಿಗೆ ಕಾಗದ ಬರೆಯುತ್ತಿದ್ದ, ತುಂಬಾ ಮರ್ಯಾದೆಯ ಕಾಗದ, ಪೂಜ್ಯ ತಾಯಿಯವರಿಗೆ ಅಂತ, ಒಳಗೆ ಏನೂ ಇರುತ್ತಿರಲಿಲ್ಲ ಎಂದೆ. ಆಮೇಲೆ ಅದೇ ದನಿಯಲ್ಲಿ, "ಅಪ್ಪ, ಜನವರೀಲಿ ನಾನೂ ಹೀಗೇ ಇದ್ದೆ. ಹದಿನೆಂಟು ದಿನ ರೂಮಿಂದ ಆಚೆ ಬರಲಿಲ್ಲ" ಎಂದೆ.

ಪುಟ್ಟಿ, ನಿನ್ನ ಕೈ ಕಿಟಕಿಯ ಕಟ್ಟೆಯ ಮೇಲಿತ್ತು. ಹೆಬ್ಬೆರಳಿನ ಉಗುರಿನಿಂದ ಅದರ ಅಂಚನ್ನು ಕೆರೆಯುತ್ತಿದ್ದೆ. ಚಿಕ್ಕವಳಿದ್ದಾಗ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅಂಗಡಿಯ ಮೇಜನ್ನು ಹಾಗೇ ಕೆರೆಯುತ್ತಿದ್ದೆ. ನಾನು ನಿನ್ನ ಮಾತನ್ನು ಕೇಳಿಸಿಕೊಳ್ಳುವುದು ಬಿಟ್ಟು ಆ ಉಗುರನ್ನೇ ನೋಡುತ್ತಾ ನಿಂತೆ. ಬಾಯಿಗೆ ಬಂದದ್ದು ಒಂದೇ ಪ್ರಶ್ನೆ, ಯಾಕೆ ಹೇಳಲಿಲ್ಲ? ಅದನ್ನೇ ಹಿಡಿದುಕೊಂಡು ಸೇತುವೆ ತನಕ ಬಂದೆ.

ನೀನು ಹೇಳಿದ್ದೆ. ಇದನ್ನು ಬರೆಯಲಿಕ್ಕೇ ಇಷ್ಟು ಹೊತ್ತು ಸುತ್ತಾಡಿದೆ. ಸಂಕ್ರಾಂತಿಯ ದಿನ ಫೋನ್ ಮಾಡಿದಾಗ "ಅಪ್ಪ, ನಂಗೆ ಯಾಕೋ ಆಗ್ತಿಲ್ಲ" ಎಂದಿದ್ದೆ. ನಾನು ಎಳ್ಳು ಬೀರಲು ಹೊರಟ ಮಕ್ಕಳಿಗೆ ಬಾಗಿಲು ತೆಗೆಯುತ್ತಾ, "ಆಗಲ್ಲ ಅಂತ ಕೂತ್ರೆ ಆಗುತ್ತಾ? ಕಷ್ಟ ಯಾರಿಗಿಲ್ಲ? ಇಷ್ಟು ಸಾಲ ಮಾಡಿ ಕಳಿಸಿರೋದು ಕೂತ್ಕೊಳ್ಳೋಕಾ?" ಅಂದೆ. ನೀನು "ಸರಿ ಅಪ್ಪ" ಎಂದೆ. ಆ ಸರಿ ಅಪ್ಪ ನನಗೆ ಅವತ್ತು ಸರಿಯಾಗೇ ಕೇಳಿಸಿತು. ಬುದ್ಧಿ ಹೇಳಿದೆ, ಮಗಳು ಒಪ್ಪಿಕೊಂಡಳು ಅಂದುಕೊಂಡೆ. ಅಮ್ಮನ ಹತ್ತಿರ ಹೇಳಿಕೊಂಡೆ ಕೂಡ.

ಅವತ್ತಿನಿಂದ ನೀನು ಚೆನ್ನಾಗಿದ್ದೆ. ಪ್ರತಿ ಭಾನುವಾರ ಚೆನ್ನಾಗಿದ್ದೆ. ಊಟ ಆಯ್ತು ಅಪ್ಪ, ಚಳಿ ಕಡಿಮೆ ಆಯ್ತು ಅಪ್ಪ, ಅಮ್ಮನ ಮಾತ್ರೆ ತಪ್ಪಿಸಬೇಡಿ ಅಪ್ಪ. ಅದುವರೆಗೆ ನನ್ನನ್ನು ನೀನು ಅನ್ನುತ್ತಿದ್ದವಳು ಜನವರಿಯ ನಂತರ ನೀವು ಅನ್ನಲು ಶುರು ಮಾಡಿದ್ದೆ. ದೊಡ್ಡವಳಾದಳು, ಮರ್ಯಾದೆ ಕಲಿತಳು ಅಂತ ನಾನು ಅಂದುಕೊಂಡೆ. ಅದು ಮರ್ಯಾದೆಯ ಕಾಗದ ಅಂತ ಗೊತ್ತಾಗಲು ನಾನು ಅಷ್ಟು ದೂರ ಬಂದು ಆ ಗೋಪುರ ಹತ್ತಬೇಕಾಯಿತು.

ಆ ತಾಯಿಗೆ ಹಾಗೆ ಅಂದುಬಿಟ್ಟೆನಲ್ಲ, ಅದು ರಾತ್ರಿಯಲ್ಲಿ ನೆನಪಾಗುತ್ತದೆ. ಅವಳಿಗೆ ಏನು ಕಷ್ಟವಿತ್ತೋ. ಮಗನನ್ನು ಆ ಸ್ಥಿತಿಯಲ್ಲಿ ನೋಡುವ ಧೈರ್ಯ ಇರಲಿಲ್ಲವೋ ಏನೋ. ಹತ್ತಿರವಿದ್ದೂ ಹೋಗದೆ ಇರುವುದು ಹೇಗೆ ಅಂತ ನನಗೆ ಈಗ ಸ್ವಲ್ಪ ಗೊತ್ತು. ನಾನು ಫೋನ್ ಕಿವಿಗಿಟ್ಟುಕೊಂಡೇ ಬರದೆ ಇದ್ದೆ. ತಪ್ಪಾಯಿತು ಪುಟ್ಟಿ. ಸಾಲದ ಮಾತು ಎತ್ತಿದ್ದು ಎಲ್ಲಕ್ಕಿಂತ ದೊಡ್ಡ ತಪ್ಪು. ಸಾಲ ನನ್ನದು. ಮಾಡಿದವನು ನಾನು, ತೀರಿಸುವವನೂ ನಾನು. ಅದನ್ನು ನಿನ್ನ ತಲೆಯ ಮೇಲೆ ಇಡಬಾರದಿತ್ತು.

ಆದರೂ ನೀನು ಹದಿನೆಂಟು ದಿನ ಯಾರಿಗೂ ಹೇಳದೆ ಇದ್ದದ್ದು ಸರಿಯಲ್ಲ. ಇದನ್ನು ಹೇಳಲೇಬೇಕು. ಅಪ್ಪ ಕೇಳದಿದ್ದರೆ ಅಮ್ಮನಿಗೆ ಹೇಳು, ಅಮ್ಮನಿಗೆ ಗಾಬರಿ ಅನ್ನುವುದಾದರೆ ಚಿಕ್ಕಮ್ಮನಿಗೆ ಹೇಳು. ಅಲ್ಲಿ ಡಾಕ್ಟರ್ ಇದ್ದಾರೆ, ವಿದ್ಯಾರ್ಥಿಗಳ ಕಷ್ಟ ಕೇಳಲೆಂದೇ ಜನ ಇದ್ದಾರೆ ಅಂತ ನೀನೇ ಹೇಳಿದೆ. ಹೋಗು. ಮುಂದಿನ ಚಳಿಗಾಲ ಬರುವ ಮೊದಲೇ ಹೋಗು. ಸಂಜೆ ಐದಕ್ಕೆ ಮೊದಲೇ ಕತ್ತಲಾಗುವ ಊರಲ್ಲಿ ಪರದೆ ಎಳೆದುಕೊಂಡು ಕೂರಬೇಡ. ಬೆಳಗ್ಗೆ ಎದ್ದ ಕೂಡಲೇ ಪರದೆ ಸರಿಸು. ನಡುಗಡ್ಡೆಯ ಮೇಲೆ ಆ ದೊಡ್ಡ ಮರಗಳ ಸಾಲಿದೆಯಲ್ಲ, ಒಂದು ಸುತ್ತು ಬಾ, ಹತ್ತು ನಿಮಿಷ ಸಾಕು. ಬ್ರೆಡ್ಡಿನಲ್ಲೇ ದಿನ ತಳ್ಳಬೇಡ, ಒಂದು ಹಿಡಿ ಅಕ್ಕಿ ಹಾಕಿಕೊಂಡರೆ ಇಪ್ಪತ್ತು ನಿಮಿಷದ ಕೆಲಸ. ಚಟ್ನಿಪುಡಿ ಮುಗಿಯುವ ಮೊದಲೇ ಹೇಳು. ರಾತ್ರಿ ಎರಡು ಗಂಟೆ ತನಕ ಲ್ಯಾಬ್ ಬೇಡ. ಒಬ್ಬಳೇ ಇರುವವರು ಹೊತ್ತು ಹೊತ್ತಿಗೆ...

ಇಲ್ಲಿಗೆ ನಿಲ್ಲಿಸಿದೆ. ಬುದ್ಧಿ ಹೇಳಲು ಹೊರಟೇ ಅವತ್ತು ಫೋನಿನಲ್ಲಿ ಹಾಗೆ ಆಯಿತು. ಇದನ್ನು ಹರಿದು ಬೇರೆ ಹಾಳೆಯಲ್ಲಿ ಬರೆಯೋಣ ಅಂತಿದ್ದೆ, ಆದರೆ ಭಯ ಇರುವುದಂತೂ ನಿಜ. ಇರಲಿ.

ಒಂದು ವಿಷಯ ನಿನಗೆ ಹೇಳಿರಲಿಲ್ಲ. ಹೊರಡುವ ಹಿಂದಿನ ದಿನ, ನೀನು ಲ್ಯಾಬಿಗೆ ಹೋಗಿದ್ದಾಗ, ಕೆಳಗಿನ ಮನೆಯ ಅಜ್ಜಿಯನ್ನು ಕಂಡೆ. ಅವರಿಗೆ ನನ್ನ ಇಂಗ್ಲಿಷ್ ತಿಳಿಯುವುದಿಲ್ಲ, ಅವರ ಜರ್ಮನ್ ನನಗೆ ತಿಳಿಯುವುದಿಲ್ಲ. ಹದಿನೆಂಟು ದಿನದಲ್ಲಿ ನಿನ್ನ ಬಾಗಿಲು ತಟ್ಟಿದ್ದು ಅವರೊಬ್ಬರೇ ಅಂದಿದ್ದೆಯಲ್ಲ, ಅದನ್ನು ಬಿಟ್ಟರೆ ಅವರ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ನಾನು ಬಾಗಿಲಲ್ಲಿ ನಿಂತು ನಿನ್ನ ರೂಮಿನ ಕಡೆ ಕೈ ತೋರಿಸಿ, ಕೈ ಮುಗಿದೆ. ಅವರು ಒಳಗೆ ಕರೆದು ಒಲೆಯ ಮೇಲಿದ್ದ ನೀಲಿ ಪಾತ್ರೆಯನ್ನು ತೋರಿಸಿದರು. ಸೌಟಿನಲ್ಲಿ ತಿರುವಿದ ಹಾಗೆ ಮಾಡಿದರು. ಆಮೇಲೆ ಮೇಲೆ ಬೆರಳು ತೋರಿಸಿ, ಬಾಗಿಲು ತಟ್ಟಿದ ಹಾಗೆ ಮಾಡಿದರು, ಗಾಳಿಯಲ್ಲಿ, ಮೂರು ಸಲ. ನೀನು ತೆಗೆಯದಿದ್ದರೆ ಇನ್ನೂ ಮೂರು ಸಲ. ಪಾತ್ರೆಯ ಹಿಡಿಯಲ್ಲಿ ಬಣ್ಣ ಎದ್ದುಹೋಗಿ ಕಬ್ಬಿಣ ಕಾಣುತ್ತಿತ್ತು. ನನಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲು ಆಗಲಿಲ್ಲ.

ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಶುರು ಮಾಡಿದ ಮೋಗ್ಲಿಂಗ್ ಕೂಡ ಟ್ಯೂಬಿಂಗೆನ್‌ನಲ್ಲೇ ಓದಿದವರು. ಅವರು ವಿದ್ಯಾರ್ಥಿಯಾಗಿದ್ದಾಗ ಕವಿ ಆ ಗೋಪುರದಲ್ಲೇ ಇದ್ದ. ಕವಿ ಸತ್ತಿದ್ದು 1843ರ ಜೂನ್ 7ಕ್ಕೆ. ಮಂಗಳೂರಿನಲ್ಲಿ ಕಲ್ಲಚ್ಚಿನ ಮೊದಲ ಸಂಚಿಕೆ ಹೊರಬಂದದ್ದು ಜುಲೈ 1ಕ್ಕೆ. ವಿಮಾನದಲ್ಲಿ ಕೂತು ಇದನ್ನು ಲೆಕ್ಕ ಹಾಕಿದೆ. ಇಂಥದ್ದು ಹೊಳೆದಾಗ ಮೊದಲು ನಿನಗೇ ಹೇಳಬೇಕು ಅನ್ನಿಸುತ್ತದೆ. ನಮ್ಮ ಮನೆಯಲ್ಲಿ ಇದನ್ನು ಕೇಳಿ "ಹೌದಾ ಅಪ್ಪ?" ಅನ್ನುವವಳು ನೀನೊಬ್ಬಳೇ.

ಈ ಭಾನುವಾರ ಫೋನ್ ಮಾಡಿದಾಗ ಚೆನ್ನಾಗಿದ್ದೀನಿ ಅಂತ ಶುರು ಮಾಡಬೇಡ. ಚೆನ್ನಾಗಿಲ್ಲದಿದ್ದರೆ ಇಲ್ಲ ಅನ್ನು. ಮಾತು ಬೇಡ ಅನ್ನಿಸಿದರೆ ಸುಮ್ನೆ ಫೋನ್ ಹಿಡಿದುಕೊಂಡಿರು, ನಾನೂ ಹಿಡಿದುಕೊಂಡಿರುತ್ತೇನೆ. ಪರಿಹಾರ ಹೇಳುವುದಿಲ್ಲ. ಮತ್ತೆ ನನ್ನನ್ನು ನೀನು ಅನ್ನು.

ಅಜ್ಜಿಗೆ ಒಂದು ಪುಸ್ತಕ ಕಟ್ಟುತ್ತಿದ್ದೇನೆ. ಬರೀ ಬಿಳಿ ಹಾಳೆ, ಇನ್ನೂರು ಪುಟ, ಅಡುಗೆಯದೋ ಲೆಕ್ಕದ್ದೋ ಏನಾದರೂ ಬರೆದುಕೊಳ್ಳಲಿ. ಹೊಲಿಗೆ ಮುಗಿದಿದೆ. ನಿನ್ನೆ ಬೆನ್ನಿಗೆ ಅಂಟು ಹಾಕಿದೆ, ಈ ಮಳೆಗೆ ಒಣಗಲು ಇನ್ನೂ ಒಂದು ದಿನ ಬೇಕು. ಹೊರಗೆ ಹಾಕುವ ಕ್ಯಾಲಿಕೋ ಬಟ್ಟೆ ಅಂಗಡಿಯಲ್ಲಿ ಎರಡು ಬಣ್ಣದ್ದಿದೆ, ಹಸಿರು ಮತ್ತು ಕಡುನೀಲಿ. ಅವರ ಪಾತ್ರೆಯ ನೀಲಿ ನಮ್ಮಲ್ಲಿ ಸಿಗಲಿಲ್ಲ. ಯಾವುದು ಇಷ್ಟ ಅಂತ ಕೇಳಿ ಹೇಳು.

ಅಪ್ಪ