ಒಪ್ಪಂದದಲ್ಲಿ ನಮ್ಮ ಹೆಸರಿದೆ, ವೀಸಾ ಎಲ್ಲಿದೆ? – ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಲೋಕಸಭಾ ಸದಸ್ಯರಿಗೆ,

ನಮಸ್ಕಾರ. ಹೋದ ವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ತಾವು ಬಂದಿದ್ದಿರಿ. ಮಳೆ ಹಿಡಿದು ಶಾಮಿಯಾನ ಸೋರುತ್ತಿದ್ದರೂ ಮಕ್ಕಳು ಎದ್ದು ಹೋಗದೆ ತಮ್ಮ ಭಾಷಣ ಕೇಳಿದರು. ಇಂಗ್ಲಿಷ್ ಚೆನ್ನಾಗಿ ಕಲಿಯಿರಿ, ಜಗತ್ತೇ ನಿಮ್ಮನ್ನು ಕರೆಯುತ್ತದೆ ಎಂದು ತಾವು ಹೇಳಿದಾಗ ಹಿಂದಿನ ಸಾಲಿನಿಂದ ಚಪ್ಪಾಳೆ ಬಿತ್ತು. ಆ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುವವಳು ನಾನು. ಎಂ.ಎ., ಬಿ.ಇಡಿ. ಮುಗಿಸಿ ಹನ್ನೊಂದು ವರ್ಷದಿಂದ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಸೆಮಿಸ್ಟರ್ ಮುಗಿದರೆ ಗೌರವಧನವೂ ನಿಲ್ಲುತ್ತದೆ, ಮುಂದಿನ ವರ್ಷ ಮತ್ತೆ ಅರ್ಜಿ, ಮತ್ತೆ ಕೌನ್ಸೆಲಿಂಗ್. ಎರಡು ಮೂರು ವರ್ಷ ಹೊರದೇಶದಲ್ಲಿ ಇಂಗ್ಲಿಷ್ ಕಲಿಸಿ ಬಂದರೆ ಮನೆಯ ಸಾಲ ತೀರುತ್ತದೆ, ನನ್ನ ಪಾಠವೂ ಹದಗೊಳ್ಳುತ್ತದೆ ಎಂಬ ಆಸೆಯಿಂದ ನಾನು ಕೆಲಸದ ವೀಸಾಕ್ಕೆ ಓಡಾಡಿದೆ. ಆ ಓಡಾಟದಲ್ಲಿ ತಿಳಿದದ್ದನ್ನು ತಮ್ಮ ಮುಂದೆ ಇಡಬೇಕಾಗಿದೆ, ಏಕೆಂದರೆ ಇದು ನನ್ನೊಬ್ಬಳಿಂದ ಬಗೆಹರಿಯುವಂಥದ್ದಲ್ಲ. ಎರಡು ಸರ್ಕಾರಗಳು ಕೂತು ಮಾತಾಡಬೇಕಾದ ವಿಷಯ ಇದು.

ಕಳೆದ ಮೇ ತಿಂಗಳಲ್ಲಿ ದಕ್ಷಿಣ ಕೊರಿಯಾದ ಒಂದು ಖಾಸಗಿ ಇಂಗ್ಲಿಷ್ ತರಬೇತಿ ಕೇಂದ್ರಕ್ಕೆ ಏಜೆನ್ಸಿಯೊಂದರ ಮೂಲಕ ಅರ್ಜಿ ಹಾಕಿದ್ದೆ. ವಿಡಿಯೋ ಕರೆಯಲ್ಲಿ ಹತ್ತು ನಿಮಿಷ ಪಾಠ ಮಾಡಿ ತೋರಿಸಬೇಕಿತ್ತು. ನಡುಮನೆಯ ಗೋಡೆಯ ಕ್ಯಾಲೆಂಡರ್ ತೆಗೆದು ಆ ಮೊಳೆಗೆ ಮಗಳ ಬಿಳಿ ಬೋರ್ಡ್ ನೇತುಹಾಕಿದೆ. ಬುಟ್ಟಿಯಿಂದ ಒಂದು ಮಾವಿನಹಣ್ಣು ಎತ್ತಿ ತೋರಿಸಿ 'ಎ ಮ್ಯಾಂಗೊ' ಎಂದೆ. ಅದಕ್ಕೆ ಪೆನ್ನಿನಲ್ಲಿ ಒಂದು ಗುರುತು ಹಾಕಿ ಬುಟ್ಟಿಯೊಳಗೆ ಬಿಟ್ಟು, ಹುಡುಕಿ ಅದೇ ಹಣ್ಣನ್ನು ಮತ್ತೆ ಎತ್ತಿ 'ದ ಮ್ಯಾಂಗೊ' ಎಂದೆ. ಅತ್ತ ಕಡೆ ಕೂತಿದ್ದ ಹೆಣ್ಣುಮಗಳು ನಕ್ಕು ತಲೆದೂಗಿದಳು, ಇದನ್ನು ನಮ್ಮ ಮಕ್ಕಳಿಗೂ ಹೀಗೇ ಹೇಳಬೇಕು ಎಂದಳು. ಆಮೇಲೆ ಕೇಳಿದಳು: ಪಾಸ್‌ಪೋರ್ಟ್ ಯಾವ ದೇಶದ್ದು? ಭಾರತ ಎಂದೆ. ಆಕೆಯ ಮುಖದಲ್ಲಿ ನಿಜವಾದ ಬೇಸರ ಕಂಡಿತು, ಅದನ್ನು ನಾನು ಮರೆಯಲಾರೆ. ನಿಮಗೆ ವೀಸಾ ಆಗುವುದಿಲ್ಲ, ನಮ್ಮ ಕೈಯಲ್ಲಿಲ್ಲ ಎಂದು ಕರೆ ಮುಗಿಸಿದಳು.

ಆಕೆ ಹೇಳಿದ್ದು ಸುಳ್ಳಲ್ಲ. ಕೊರಿಯಾದಲ್ಲಿ ಭಾಷೆ ಕಲಿಸುವವರಿಗೆ ಕೊಡುವುದು ಇ-2 ಎಂಬ ವೀಸಾ. ಇಂಗ್ಲಿಷ್ ಕಲಿಸಲು ಅದು ಸಾಮಾನ್ಯವಾಗಿ ಸಿಗುವುದು ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾ ಎಂಬ ಏಳು ದೇಶಗಳ ಪ್ರಜೆಗಳಿಗೆ. ಯಾವ ವಿಷಯದಲ್ಲಾದರೂ ಪದವಿ ಪಡೆದ ಇಪ್ಪತ್ತೆರಡರ ಯುವಕ, ಒಂದು ದಿನವೂ ತರಗತಿಯಲ್ಲಿ ನಿಲ್ಲದವನು, ಆ ದೇಶಗಳ ಪ್ರಜೆಯಾಗಿದ್ದರೆ ಅರ್ಹ. ದಕ್ಷಿಣ ಆಫ್ರಿಕಾದಲ್ಲಿ ಇಂಗ್ಲಿಷ್ ಹತ್ತನೇ ಒಂದು ಪಾಲಿಗಿಂತ ಕಡಿಮೆ ಜನರ ಮನೆಮಾತು. ಅಲ್ಲಿನ ಶಿಕ್ಷಕರ ಮೇಲೆ ನನಗೆ ಯಾವ ಅಸೂಯೆಯೂ ಇಲ್ಲ, ಅವರಿಗೆ ಸಿಕ್ಕಿದ್ದು ಸರಿಯಾಗಿಯೇ ಇದೆ. ಆದರೆ ಶಾಲೆ, ಕಚೇರಿ, ನ್ಯಾಯಾಲಯಗಳಲ್ಲಿ ಇಂಗ್ಲಿಷ್ ಬಳಸುತ್ತಾರೆಂಬ ಕಾರಣಕ್ಕೆ ಆ ದೇಶ ಪಟ್ಟಿಯಲ್ಲಿ ಇರಬಹುದಾದರೆ ನಾವೇಕೆ ಹೊರಗೆ? ನಮ್ಮ ಸುಪ್ರೀಂ ಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ ನಡೆಯಬೇಕೆಂದು ಸಂವಿಧಾನದ 348ನೇ ವಿಧಿಯೇ ಹೇಳುತ್ತದೆ. 2011ರ ಜನಗಣತಿಯಲ್ಲಿ ಇಂಗ್ಲಿಷನ್ನು ತಾಯ್ನುಡಿ ಎಂದವರು ಎರಡೂವರೆ ಲಕ್ಷದಷ್ಟು, ಎರಡನೆಯ ಅಥವಾ ಮೂರನೆಯ ಭಾಷೆ ಎಂದವರು ಹನ್ನೆರಡು ಕೋಟಿಗೂ ಹೆಚ್ಚು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಭಾರತ ಮತ್ತು ಕೊರಿಯಾ ನಡುವೆ ಸಮಗ್ರ ಆರ್ಥಿಕ ಸಹಭಾಗಿತ್ವ ಒಪ್ಪಂದ, ಅಂದರೆ ಸೆಪಾ ಎಂಬುದೊಂದು ಇದೆ. 2009ರ ಆಗಸ್ಟ್‌ನಲ್ಲಿ ಸಹಿಯಾಗಿ 2010ರ ಜನವರಿ 1ರಿಂದ ಜಾರಿಯಲ್ಲಿದೆ. ಭಾರತದ ವೃತ್ತಿಪರರಿಗೆ ಬಾಗಿಲು ತೆರೆಯುತ್ತೇವೆಂದು ಕೊರಿಯಾ ಅದರಲ್ಲಿ ಒಪ್ಪಿರುವ ಕಸುಬುಗಳು 163. ಕಂಪ್ಯೂಟರ್ ತಂತ್ರಜ್ಞರು, ಎಂಜಿನಿಯರುಗಳ ಜೊತೆಗೆ ಆ ಪಟ್ಟಿಯಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕರೂ ಇದ್ದಾರೆ. ಇಂಗ್ಲಿಷಿನಲ್ಲಿ ಪದವಿ ಮತ್ತು ಶಿಕ್ಷಕ ಅರ್ಹತೆ ಎರಡೂ ಇರುವ ಭಾರತೀಯರಿಗೆ ಇದು ಅನ್ವಯ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಹತ್ತಿರ ಎರಡೂ ಇವೆಯಲ್ಲ!

ಬೆಳಗಾದ ಮೇಲೆ ವಿಚಾರಿಸಲು ಶುರು ಮಾಡಿದೆ. ಯಾರಿಗೆ ಅರ್ಜಿ ಕೊಡಬೇಕು, ಯಾವ ಶಾಲೆಗಳು ಕರೆಯುತ್ತವೆ, ಬಿ.ಇಡಿ. ಪ್ರಮಾಣಪತ್ರವನ್ನೇ ಶಿಕ್ಷಕ ಅರ್ಹತೆ ಎಂದು ಒಪ್ಪುತ್ತಾರೋ ಇಲ್ಲವೋ – ಮೂರು ತಿಂಗಳು ಮಿಂಚಂಚೆ ಬರೆದೆ, ಫೋನು ಮಾಡಿದೆ. ಸ್ಪಷ್ಟವಾಗಿ ಹೇಳುವವರು ಒಬ್ಬರೂ ಸಿಗಲಿಲ್ಲ. ಏಜೆನ್ಸಿಗಳವರಿಗೆ ಇಂಥದ್ದೊಂದು ಕಲಮು ಇದೆಯೆಂಬುದೇ ಗೊತ್ತಿರಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನನ್ನ ಪಾಲಿಗೆ ಪೂಜಾರಿ ಯಾರು ಎಂಬುದೇ ತಿಳಿಯಲಿಲ್ಲ.

ಜಪಾನಿನ ಕಡೆಗೂ ನೋಡಿದೆ. 2011ರಲ್ಲಿ ಜಾರಿಗೆ ಬಂದ ಭಾರತ–ಜಪಾನ್ ಒಪ್ಪಂದದಲ್ಲಿ ಯೋಗ, ಶಾಸ್ತ್ರೀಯ ನೃತ್ಯ, ಸಂಗೀತ ಕಲಿಸುವವರ ಜೊತೆಗೆ ಇಂಗ್ಲಿಷ್ ಕಲಿಸುವ ಭಾರತೀಯರ ಪ್ರಸ್ತಾಪವೂ ಇದೆ. ಆದರೆ ಅಲ್ಲಿನ ಶಾಲೆಗಳಲ್ಲಿ ಭಾಷೆ ಕಲಿಸಲು ಕೊಡುವ ಬೋಧಕ ವೀಸಾದ ನಿಯಮ ಓದಿದಾಗ ಎದೆ ಧಸಕ್ಕೆಂದಿತು. ಯಾವ ಭಾಷೆಯನ್ನು ಕಲಿಸುತ್ತೀರೋ ಆ ಭಾಷೆಯ ಮಾಧ್ಯಮದಲ್ಲೇ ಕನಿಷ್ಠ 12 ವರ್ಷ ಓದಿರಬೇಕು. ನಾನು ಒಂದನೇ ತರಗತಿಯಿಂದ ಹತ್ತನೆಯವರೆಗೆ ನಮ್ಮೂರ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದವಳು. ಪಿಯುಸಿಯಲ್ಲಿ ಇತಿಹಾಸ, ಅರ್ಥಶಾಸ್ತ್ರ ಬರೆದದ್ದೂ ಕನ್ನಡದಲ್ಲಿ. ಪದವಿಯಲ್ಲಿ ಐಚ್ಛಿಕ ಇಂಗ್ಲಿಷ್, ಆಮೇಲೆ ಎಂ.ಎ., ಬಿ.ಇಡಿ. ಅಡುಗೆಮನೆ ಕಟ್ಟೆಯ ಮೇಲೆ ಕೂತು ಬೆರಳು ಮಡಚಿ ಎಣಿಸಿದೆ. ಹೇಗೆ ಎಣಿಸಿದರೂ 12 ಆಗಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್ ಮೇಷ್ಟ್ರಾದವರು ನಮ್ಮ ರಾಜ್ಯದ ತಾಲ್ಲೂಕು ತಾಲ್ಲೂಕಿನಲ್ಲೂ ಇದ್ದಾರೆ, ಮಾನ್ಯರೇ. ಅವರೆಲ್ಲರಿಗೂ ಲೆಕ್ಕ ಇಷ್ಟೇ ಆಗುವುದು.

ಇಲ್ಲಿ ಸ್ವಲ್ಪ ನಿಂತು ಪಾಠದ ವಿಷಯ ಹೇಳಲು ಅಪ್ಪಣೆ ಕೊಡಿ. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಷ್ಟಪಟ್ಟು ಕಲಿತದ್ದು ಕೊರತೆ ಎಂದು ಈ ನಿಯಮಗಳು ಎಣಿಸುತ್ತವೆ. ತರಗತಿಯಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದಿರುವುದು ಅದೇ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಕೊರಿಯನ್, ಜಪಾನೀ ಭಾಷೆಗಳಲ್ಲೂ ಹಾಗೆಯೇ. ನಾವು 'ಮೇಜಿನ ಮೇಲೆ' ಎನ್ನುತ್ತೇವೆ, ಇಂಗ್ಲಿಷಿನವರು 'ಆನ್ ದ ಟೇಬಲ್' ಎಂದು 'ಮೇಲೆ'ಯನ್ನು ಮುಂದಕ್ಕೆ ತರುತ್ತಾರೆ. ಕೊರಿಯನ್ನರೂ ಜಪಾನೀಯರೂ ನಮ್ಮ ಹಾಗೆ ಹಿಂದಕ್ಕೇ ಹಚ್ಚುತ್ತಾರೆ. 'ಎ', 'ದ' ಎಂಬ ಪದಗಳಿಗೆ ಸಮನಾದದ್ದು ಕನ್ನಡದಲ್ಲೂ ಇಲ್ಲ, ಕೊರಿಯನ್ನಿನಲ್ಲೂ ಇಲ್ಲ, ಜಪಾನಿಯಲ್ಲೂ ಇಲ್ಲ. ಆದ್ದರಿಂದ ಕೊರಿಯಾದ ಮಗು ಎಲ್ಲಿ ಎಡವುತ್ತದೋ ನಮ್ಮ ಹಳ್ಳಿಯ ಮಗುವೂ ಅಲ್ಲೇ ಎಡವುತ್ತದೆ. ನಾನೂ ಅಲ್ಲೇ ಎಡವಿ, ಕೆಂಪು ಶಾಯಿಯ ಗೆರೆ ಎಳೆಸಿಕೊಂಡು ಕಲಿತವಳು. ಹುಟ್ಟಿನಿಂದ ಇಂಗ್ಲಿಷ್ ಆಡುವವರಿಗೆ 'ದ' ಎಲ್ಲಿ ಬರಬೇಕೆಂದು ಗೊತ್ತು, ಅದು ಯಾಕೆ ಬರುತ್ತದೆಂದು ಮಗುವಿಗೆ ತಿಳಿಯುವ ಹಾಗೆ ಹೇಳಲು ಅವರೂ ಬೇರೆಯಾಗಿ ಕಲಿಯಬೇಕು. 'ಬಂದ' ಮತ್ತು 'ಬಂದಿದ್ದಾನೆ' ಇವೆರಡರ ಅಂತರ ತೋರಿಸಿ 'ಹಿ ಕೇಮ್', 'ಹಿ ಹ್ಯಾಸ್ ಕಮ್' ಹೇಳಿಕೊಟ್ಟಾಗ ನಮ್ಮ ಮಕ್ಕಳ ಕಣ್ಣಲ್ಲಿ ಬರುವ ಬೆಳಕನ್ನು ತಾವು ಒಮ್ಮೆ ಬಂದು ನೋಡಬೇಕು.

ಉಚ್ಚಾರಣೆ ನೋಡಬೇಕೆಂದರೆ ನೋಡಲಿ. ಥಾಯ್ಲೆಂಡಿನಲ್ಲಿ ನಮ್ಮಂಥವರಿಂದ ಇಂಗ್ಲಿಷ್ ಪರೀಕ್ಷೆಯ ಅಂಕಪಟ್ಟಿ ಕೇಳುತ್ತಾರೆ, ಅಲ್ಲಿನ ಶಿಕ್ಷಕರ ಮಂಡಳಿಯ ಅನುಮತಿಯೂ ಬೇಕು. ಅದು ನನಗೆ ನ್ಯಾಯವಾಗಿಯೇ ಕಾಣುತ್ತದೆ. ಪರೀಕ್ಷೆ ಕೊಡು ಎಂದರೆ ಕೊಡುತ್ತೇನೆ, ನಪಾಸಾದರೆ ಸುಮ್ಮನೆ ಮನೆಗೆ ಬರುತ್ತೇನೆ. ಪರೀಕ್ಷೆಗೂ ಕೂರಿಸದೆ ಪಾಸ್‌ಪೋರ್ಟ್ ನೋಡಿ ಕಳಿಸುವುದನ್ನು ಮಾತ್ರ ಒಪ್ಪಲಾಗುತ್ತಿಲ್ಲ.

ನಮ್ಮವರು ಪರದೇಶದಲ್ಲಿ ಪಾಠ ಹೇಳುವುದು ಹೊಸದೂ ಅಲ್ಲ. ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದಿಂದ ಇಥಿಯೋಪಿಯಾದ ಶಾಲೆಗಳಲ್ಲಿ ಭಾರತದ ಶಿಕ್ಷಕರು ದುಡಿದರು. ಭೂತಾನಿನಲ್ಲಿ, ಮಾಲ್ಡೀವ್ಸ್‌ನಲ್ಲಿ ಎಷ್ಟೋ ತಲೆಮಾರಿನ ಮಕ್ಕಳು ಇಂಗ್ಲಿಷ್ ಕಲಿತದ್ದು ಭಾರತೀಯರಿಂದ. ಅಷ್ಟೇಕೆ, ಕಾಂಬೋಡಿಯಾ, ಲಾವೋಸ್, ಮ್ಯಾನ್ಮಾರ್, ವಿಯೆಟ್ನಾಂ ದೇಶಗಳಲ್ಲಿ ಇಂಗ್ಲಿಷ್ ಭಾಷಾ ತರಬೇತಿ ಕೇಂದ್ರಗಳನ್ನು ತೆರೆಯಲು ನೆರವಾದದ್ದು ನಮ್ಮದೇ ಭಾರತ ಸರ್ಕಾರ. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯಕ್ಕೆ ನಾನಾ ದೇಶಗಳಿಂದ ಜನ ಇಂಗ್ಲಿಷ್ ತರಬೇತಿಗೆ ಬರುತ್ತಾರೆ. ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಿಂದ ಶಾಲಾ ಶಿಕ್ಷಕರನ್ನು ತಯಾರು ಮಾಡುತ್ತಿದೆ. ಸರ್ಕಾರದಿಂದ ಸರ್ಕಾರಕ್ಕೆ ಹೋದಾಗ ನಮ್ಮ ಇಂಗ್ಲಿಷ್ ಆಗುತ್ತದೆ, ಒಬ್ಬ ಶಿಕ್ಷಕಿ ತಾನಾಗಿ ಹೋದರೆ ಆಗುವುದಿಲ್ಲ ಎಂದರೆ ಹೇಗೆ?

ಇಲ್ಲಿಯ ಕಾಗದಪತ್ರದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಪದವಿ ಪ್ರಮಾಣಪತ್ರಕ್ಕೆ ಮೊದಲು ರಾಜ್ಯದ ಮುದ್ರೆ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್, ಅಂದರೆ ಹೊರದೇಶದಲ್ಲಿ ಒಪ್ಪುವಂಥ ದೃಢೀಕರಣ. ಅಪೊಸ್ಟಿಲ್‌ಗೆ ಸರ್ಕಾರದ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ ಮಾತ್ರ. ನನ್ನನ್ನು ಸುಸ್ತು ಮಾಡಿದ್ದು ಹೆಸರು. ನಮ್ಮ ಕಡೆ ಮನೆತನದ ಹೆಸರು ಬರೆಯುವ ಪದ್ಧತಿ ಇಲ್ಲ, ಊರಿನದೊಂದು ಅಕ್ಷರ, ಅಪ್ಪನ ಹೆಸರಿನದೊಂದು ಅಕ್ಷರ ಅಷ್ಟೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಇನಿಷಿಯಲ್ ಹೆಸರಿನ ಹಿಂದೆ, ಪದವಿಯಲ್ಲಿ ಮುಂದೆ, ಪಾಸ್‌ಪೋರ್ಟಿನಲ್ಲಿ ಎರಡೂ ಅಕ್ಷರ ಬಿಡಿಸಿ ಪೂರ್ತಿ ಬರೆದಿದೆ. ಒಂದು ಕಚೇರಿಯ ಕಿಟಕಿಯಲ್ಲಿ ಮೂರನ್ನೂ ಪಕ್ಕಪಕ್ಕ ಇಟ್ಟು ಇವರು ಮೂವರು ಬೇರೆ ಬೇರೆ ಎಂದು ಕಡತ ಹಿಂದಿರುಗಿಸಿದರು. ನೋಟರಿ ಅಫಿಡವಿಟ್ ಮಾಡಿಸಿ, ಮತ್ತೆರಡು ಸಲ ರಾತ್ರಿ ಬಸ್ಸು ಹತ್ತಿದೆ. ಕರ್ನಾಟಕದವರಲ್ಲಿ ಎಷ್ಟೋ ಜನರ ಹೆಸರು ಹೀಗೇ ಇರುವುದು. ಮೂವರೂ ಒಬ್ಬರೇ ಎಂದು ವಿಶ್ವವಿದ್ಯಾಲಯವೇ ಒಂದು ಸಾಲಿನ ದೃಢೀಕರಣ ಕೊಡುವ ಏರ್ಪಾಡಾದರೆ ಸಾಕಾಗಿತ್ತು.

ನೇರ ದಾರಿ ಮುಚ್ಚಿದಾಗ ಜನ ಅಡ್ಡದಾರಿ ಹಿಡಿಯುತ್ತಾರೆ, ಅದು ನನಗೆ ಹೆಚ್ಚು ಭಯ. ನನಗೂ ಒಬ್ಬ ಏಜೆಂಟ್ ಹೇಳಿದ: ಟೂರಿಸ್ಟ್ ವೀಸಾದಲ್ಲಿ ಹೋಗಿ ಮೇಡಂ, ಅಲ್ಲಿ ಹೋದಮೇಲೆ ಎಲ್ಲ ಸರಿಮಾಡೋಣ. ಥಾಯ್ಲೆಂಡಿನ ಕೆಲಸವೆಂದು ನಂಬಿ ಹೋದ ನಮ್ಮ ಯುವಕರನ್ನು ಮ್ಯಾನ್ಮಾರಿಗೆ ಸಾಗಿಸಿ ಸೈಬರ್ ವಂಚನೆಗೆ ದುಡಿಸಿಕೊಂಡದ್ದು ತಮಗೆ ಗೊತ್ತೇ ಇದೆ. ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರಿನಲ್ಲೇ ಎಚ್ಚರಿಕೆ ಕೊಟ್ಟಿತ್ತು. ಹತ್ತನೇ ತರಗತಿ ಪಾಸಾದವರಿಗೆ ಹೊರದೇಶದ ಕೆಲಸಕ್ಕೆ ಹೋಗಲು ನಮ್ಮ ಸರ್ಕಾರದ ವಲಸೆ ಅನುಮತಿ ಬೇಕಿಲ್ಲವಾದ್ದರಿಂದ ನಮ್ಮಂಥ ಶಿಕ್ಷಕರು ಎಲ್ಲಿಗೆ ಹೋದರು, ಏನಾದರು ಎಂಬ ಲೆಕ್ಕ ಆ ವ್ಯವಸ್ಥೆಯಲ್ಲಿ ಸಿಗುವುದಿಲ್ಲ. ನಾನು ಆ ಏಜೆಂಟನ ನಂಬರ್ ಅಳಿಸಿದೆ. ನನ್ನ ಜೊತೆಯವರೆಲ್ಲ ಅಳಿಸಿದ್ದಾರೆಂದು ಹೇಳಲಾರೆ.

ಹಾಗಾಗಿ ತಮ್ಮಿಂದ ನಾನು ಕೇಳುತ್ತಿರುವುದು ಮೊದಲು ಒಂದು ಪ್ರಶ್ನೆ. 2010ರಿಂದ ಈವರೆಗೆ ಕೊರಿಯಾ ಒಪ್ಪಂದದ ಆ ಕಲಮಿನಡಿ ಎಷ್ಟು ಮಂದಿ ಭಾರತೀಯ ಇಂಗ್ಲಿಷ್ ಶಿಕ್ಷಕರಿಗೆ ವೀಸಾ ಸಿಕ್ಕಿದೆ, ಜಪಾನ್ ಒಪ್ಪಂದದಡಿ ಎಷ್ಟು ಮಂದಿಗೆ? ಚುಕ್ಕೆ ಗುರುತಿಲ್ಲದ ಪ್ರಶ್ನೆಯಾದರೂ ಸರಿ, ಮುಂದಿನ ಅಧಿವೇಶನದಲ್ಲಿ ಲಿಖಿತ ಉತ್ತರ ಬರಲಿ. ಸಂಖ್ಯೆ ಸೊನ್ನೆಯಾದರೂ ಅದು ಸದನದ ಕಡತದಲ್ಲಿ ಇರಲಿ. ಕೊರಿಯಾ ಒಪ್ಪಂದವನ್ನು ಪರಿಷ್ಕರಿಸುವ ಮಾತುಕತೆ 2016ರಿಂದ ಸುತ್ತು ಸುತ್ತಾಗಿ ನಡೆಯುತ್ತ ಬಂದಿದೆ. ಉಕ್ಕು, ರಾಸಾಯನಿಕಗಳ ಸುಂಕ ಚರ್ಚೆಯಾಗುವ ಆ ಮೇಜಿನ ಮೇಲೆ ನಮ್ಮ ವಿಷಯವೂ ಬರಬೇಕು: ಸಹಾಯಕ ಎಂಬ ಪದ ತೆಗೆದು ಶಿಕ್ಷಕರೆಂದೇ ಒಪ್ಪಲಿ, ನಮ್ಮ ಬಿ.ಇಡಿ.ಯನ್ನು ಅರ್ಹತೆ ಎಂದು ಹೆಸರಿಸಿ ಬರೆಯಲಿ, ಅರ್ಜಿ ಎಲ್ಲಿ ಕೊಡಬೇಕೆಂದು ಎರಡೂ ರಾಯಭಾರ ಕಚೇರಿಗಳು ಪ್ರಕಟಿಸಲಿ. ಜಪಾನಿನೊಡನೆ ಕೂತಾಗ 12 ವರ್ಷದ ಮಾಧ್ಯಮದ ಬದಲು ಒಂದು ಪರೀಕ್ಷೆ ಇಡಿ ಎಂದು ಕೇಳಲಿ.

ಪ್ರಶ್ನೆಯ ಕರಡನ್ನು ನಾನೇ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿಟ್ಟಿದ್ದೇನೆ. ಶನಿವಾರ ಮಧ್ಯಾಹ್ನದ ಮೇಲೆ ನನಗೆ ತರಗತಿ ಇರುವುದಿಲ್ಲ, ತಮ್ಮ ಕಚೇರಿಯಿಂದ ಒಂದು ಫೋನು ಬಂದರೆ ಕಡತ ಹಿಡಿದು ಬರುತ್ತೇನೆ. ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ 500 ರೂಪಾಯಿ ಕಟ್ಟಿ ತಂದ ಪೊಲೀಸ್ ಪ್ರಮಾಣಪತ್ರವೂ ಅದರಲ್ಲಿದೆ. ಆರು ತಿಂಗಳಿಗಿಂತ ಹಳೆಯದಾದರೆ ಅದನ್ನು ಮತ್ತೆ ಮಾಡಿಸಬೇಕು, ಮಾಡಿಸುತ್ತೇನೆ.

ಇಂತಿ,
ತಮ್ಮ ಕ್ಷೇತ್ರದ ಒಬ್ಬ ಇಂಗ್ಲಿಷ್ ಉಪನ್ಯಾಸಕಿ