ಮುಟ್ಟಿನ ರಜೆ ಸರಿ, ನೋವಿಗೆ ಮದ್ದುಂಟು ಅಂತಲೂ ಹೇಳಿ

ಮಾನ್ಯ ಸಂಪಾದಕರೇ,

ಕೆಲಸಕ್ಕೆ ಹೋಗುವ ಹೆಂಗಸರಿಗೆ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆ ಅಂತ 2025ರ ಅಕ್ಟೋಬರಲ್ಲಿ ನಮ್ಮ ಸರ್ಕಾರ ತೀರ್ಮಾನ ಮಾಡಿದಾಗಿಂದ ಎಲ್ಲಿ ಹೋದ್ರೂ ಅದೇ ಚರ್ಚೆ. ರಜೆ ಬೇಕು, ಎರಡು ಮಾತಿಲ್ಲ. ಆದ್ರೆ ಒಂದು ದಿನ ಮಲಗಿದ್ರೆ ಮುಂದಿನ ತಿಂಗಳ ನೋವು ತಪ್ಪುದಿಲ್ಲ, ಅದಕ್ಕೆ ಮದ್ದುಂಟು ಅಂತ ಯಾರೂ ಹೇಳುದೇ ಇಲ್ಲ, ಅದಕ್ಕೇ ಈ ಪತ್ರ.

ನನಗೀಗ 29. ಹದಿನಾಲ್ಕಕ್ಕೆ ಶುರುವಾದ ನೋವು. ಅಡಿಹೊಟ್ಟೆಯಿಂದ ಸೊಂಟ, ತೊಡೆವರೆಗೆ ಹಿಂಡಿದ ಹಾಗೆ, ಜೊತೆಗೆ ವಾಂತಿ, ಬೇಧಿ. ಅಮ್ಮ ಓಮದ ಕಷಾಯ ಕೊಡ್ತಿದ್ರು, ಮಜ್ಜಿಗೆಯಲ್ಲಿ ಮೆಂತೆ ನುಂಗಿಸ್ತಿದ್ರು, "ನಮಗೂ ಹೀಗೇ ಇತ್ತು, ಒಂದು ಮಗು ಆದ್ರೆ ಸರಿ ಆಗ್ತದೆ" ಅಂತಿದ್ರು. ಅವರ ತಪ್ಪಲ್ಲ, ಅವರಿಗೆ ಅಜ್ಜಿ ಹೇಳಿದ್ದೂ ಅದೇ.

ಮೂರು ವರ್ಷದ ಹಿಂದೆ ಉಡುಪಿಯಿಂದ ಮಂಗಳೂರಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಲ್ಲಿ ಸೀಟ್ ಸಿಗದೆ ನಿಂತಿದ್ದೆ, ನೋವಿನ ಮಾತ್ರೆ ನುಂಗಿಯೇ ಹೊರಟದ್ದು, ಪಡುಬಿದ್ರಿ ದಾಟುವಾಗ ಕಣ್ಣು ಕತ್ತಲೆ ಬಂತು, ಮೂಲ್ಕಿಯಲ್ಲಿ ಹೇಗೋ ಇಳಿದು ಬಸ್‌ಸ್ಟ್ಯಾಂಡಿನ ಬೆಂಚಲ್ಲಿ ಮುದುಡಿ ಕೂತೆ, ಅಲ್ಲೇ ವಾಂತಿಯೂ ಆಯ್ತು. ಬುಟ್ಟಿ ಇಟ್ಕೊಂಡು ಬಸ್ಸಿಗೆ ಕಾಯ್ತಿದ್ದ ಮೀನು ಮಾರುವ ಅಕ್ಕ ಒಬ್ರು "ದಾದ ಆಂಡ್ ಮಗಾ" (ಏನಾಯ್ತು ಮಗಾ) ಅಂತ ತುಳುವಲ್ಲಿ ಕೇಳಿ ಹತ್ರ ಬಂದು ನೀರು ಕುಡಿಸಿ, ಹೆಗಲಲ್ಲಿದ್ದ ಬೈರಾಸಲ್ಲಿ ನನ್ನ ಮುಖ ಒರೆಸಿದ್ರು. ಪ್ರತಿ ತಿಂಗಳೂ ಹೀಗೇ ಅಂತ ಕೇಳಿ, ಹಾಗಾದ್ರೆ ಡಾಕ್ಟ್ರಿಗೆ ತೋರಿಸ್ಲೇಬೇಕು ಅಂದ್ರು. ಹನ್ನೆರಡು ವರ್ಷದಲ್ಲಿ ನನಗೆ ಹಾಗೆ ಹೇಳಿದವರು ಅವರೊಬ್ರೇ.

ಮೊದಲು ಹೋದ ಕ್ಲಿನಿಕ್ಕಲ್ಲಿ ಸ್ಕ್ಯಾನ್ ನಾರ್ಮಲ್ ಉಂಟು, ಬೇಗ ಮದುವೆ ಆಗಿ ಅಂದ್ರು. ಎರಡನೆಯ ಡಾಕ್ಟ್ರು ಕೂತು ಕೇಳಿದ್ರು. ಮುಟ್ಟಿನ ಹೊತ್ತಿಗೆ ಪ್ರೊಸ್ಟಾಗ್ಲಾಂಡಿನ್ ಅನ್ನುವ ವಸ್ತು ಹೆಚ್ಚಾಗಿ ಗರ್ಭಕೋಶ ಹಿಂಡ್ತದೆ, ಇನ್ನು ಕೆಲವರಿಗೆ ಗರ್ಭಕೋಶದ ಒಳಪದರದಂಥದ್ದೇ ಅದರ ಹೊರಗೂ ಬೆಳೀತದೆ, ಅದು ಎಂಡೊಮೆಟ್ರಿಯೋಸಿಸ್, ಈ ಪ್ರಾಯದಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇರ್ತದೆ, ಸ್ಕ್ಯಾನ್ ನಾರ್ಮಲ್ ಬಂದ್ರೂ ಇರಬಹುದು ಅಂತ ಬಿಡಿಸಿ ಹೇಳಿದ್ರು. ನನಗೆ ಕಣ್ಣ ಮುಂದೆ ಬೆಳಕು ಮಿನುಗುವ ಮೈಗ್ರೇನ್ ಉಂಟು, ಹಾಗಾಗಿ ಈಸ್ಟ್ರೋಜೆನ್ ಹಾರ್ಮೋನ್ ಇರುವ ಮಾತ್ರೆ ಬೇಡ, ಸ್ಟ್ರೋಕ್ ಅಪಾಯ ಅಂತ ಹೇಳಿ, ಅದಿಲ್ಲದ ಡೈನೋಜೆಸ್ಟ್ ಅನ್ನುವ ಹಾರ್ಮೋನ್ ಮಾತ್ರೆ 2 ಮಿಲಿಗ್ರಾಂ, ದಿನಾ ಒಂದೇ ಹೊತ್ತಿಗೆ, ಗ್ಯಾಪ್ ಇಲ್ಲದೆ ತಗೊಳ್ಳಿಕ್ಕೆ ಬರೆದುಕೊಟ್ರು. ಅಮ್ಮನಿಗೆ ಭಯ, "ಹಾರ್ಮೋನ್ ಮಾತ್ರೆ ತಿಂದ್ರೆ ಮುಂದೆ ಮಕ್ಕಳಾಗ್ತದಾ?" ಅಂತ. ಅವರನ್ನೂ ಕರ್ಕೊಂಡು ಹೋದೆ, ನಿಲ್ಲಿಸಿದ ಮೇಲೆ ಮುಟ್ಟು ಮೊದಲಿನ ಹಾಗೇ ಬರ್ತದೆ ಅಂತ ಡಾಕ್ಟ್ರ ಬಾಯಿಂದಲೇ ಕೇಳಿದ ಮೇಲೆ ಸುಮ್ಮನಾದ್ರು.

ಸುಲಭ ಇರ್ಲಿಲ್ಲ. ಮೊದಲ ಮೂರು ತಿಂಗಳು ದಿನಾ ಸ್ವಲ್ಪ ಸ್ವಲ್ಪ ಬ್ಲೀಡಿಂಗ್, ಸುಮ್‌ಸುಮ್ನೆ ಅಳು, ಎಲ್ಲರ ಮೇಲೂ ಸಿಟ್ಟು, ಬಿಟ್ಟೇಬಿಡ್ತೇನೆ ಅಂತ ಎರಡು ಸಲ ಡಾಕ್ಟ್ರಿಗೆ ಫೋನ್ ಮಾಡಿದ್ದೇನೆ. ಐದನೇ ತಿಂಗಳಲ್ಲಿ ಕ್ಯಾಲೆಂಡರಲ್ಲಿ ಗುರುತು ಹಾಕಿದ್ದ ದಿನ ದಾಟಿದ್ದೇ ಗೊತ್ತಾಗ್ಲಿಲ್ಲ, ಅಕ್ಕನ ಮನೆಯಲ್ಲಿ ನೀರ್‌ದೋಸೆ ಎರೀತಾ ನಿಂತವಳಿಗೆ ಎರಡು ದಿನ ಕಳೆದ ಮೇಲೆ ನೆನಪಾಯ್ತು, ಒಲೆ ಮುಂದೆಯೇ ಕಣ್ಣೀರು ಬಂತು. ಇದು ಬೇರು ಸಮೇತ ಕೀಳುವ ಮದ್ದಲ್ಲ, ನಿಲ್ಲಿಸಿದ್ರೆ ನೋವು ವಾಪಸ್ ಬರಬಹುದು, ಎಲ್ಲರಿಗೂ ಆಗಿಬರುದೂ ಇಲ್ಲ, ಕೆಲವರಿಗೆ ಗರ್ಭಕೋಶದ ಒಳಗೆ ಇಡುವ ಹಾರ್ಮೋನ್ ಕಾಯಿಲ್ (coil) ಬೇಕಾಗ್ತದೆ, ಕೆಲವರಿಗೆ ಆಪರೇಷನ್. ದಯವಿಟ್ಟು ಮೆಡಿಕಲ್‌ನಲ್ಲಿ ನೀವೇ ಕೇಳಿ ತಗೊಳ್ಬೇಡಿ.

ತುಳುನಾಡಿನ ಕೆಡ್ಡಸ ಹಬ್ಬ ಬಂದ್ರೆ ಭೂಮಿ ತಾಯಿ ಮುಟ್ಟಾಗಿದ್ದಾಳೆ ಅಂತ ಮೂರು ದಿನ ಮಣ್ಣಿಗೆ ಹಾರೆ ಹಾಕದ ಜನ ನಾವು. ನಮ್ಮ ಹುಡುಗಿಯರ ನೋವನ್ನೂ ಅಷ್ಟೇ ನಂಬಬೇಕು ಅಂತ ನನ್ನ ಬೇಡಿಕೆ. ಶಾಲೆ ಕಾಲೇಜಲ್ಲಿ ಪ್ಯಾಡ್ ಕೊಡುವಾಗ, ಮುಟ್ಟಿನ ಕಪ್ ಬಳಸುದು ಹೇಗೆ ಅಂತ ಕಲಿಸುವಾಗ, ಕ್ಲಾಸ್ ತಪ್ಪಿಸುವಷ್ಟು ನೋವಿದ್ರೆ ಡಾಕ್ಟ್ರಿಗೆ ತೋರಿಸಿ ಅಂತ ಐದು ನಿಮಿಷ ಹೇಳಿ. ನಿಮ್ಮ ಪತ್ರಿಕೆಯಲ್ಲಿ ಸ್ತ್ರೀರೋಗ ತಜ್ಞರಿಂದಲೂ ಇದರ ಬಗ್ಗೆ ಬರೆಸಿ.

ಅಕ್ಕನ ಮಗಳಿಗೆ ಈಗ ಹದಿನಾಲ್ಕು. ಹೋದ ತಿಂಗಳು ಎರಡು ದಿನ ಶಾಲೆಗೆ ಹೋಗ್ಲಿಲ್ಲ, ಮಗುಚಿ ಮಲಗಿದ್ಲು. ಬರುವ ಶನಿವಾರಕ್ಕೆ ಅವಳಿಗೆ ಡಾಕ್ಟ್ರ ಅಪಾಯಿಂಟ್‌ಮೆಂಟ್ ತಗೊಂಡಿದ್ದೇನೆ, ಅಮ್ಮನೂ ಬರ್ತೇನೆ ಅಂದಿದ್ದಾರೆ.

ಓದುಗಿ, ಉಡುಪಿ